‘ಸಾಫ್ಟ್‌ವೇರ್ ಹೋಗಿದೆ, ಹಾಕ್ಬೇಕು’ ಅಂದ್ರೆ ಏನು? ಹಳೇ ಮೊಬೈಲ್ ಅಂಗಡಿಗೆ ಕೊಡೋ ಮುಂಚೆ ತಿಳ್ಕೊಳ್ಳಿ

ಕೆಜಿಎಫ್/ಬಂಗಾರಪೇಟೆ: ಮೊಬೈಲ್ ಆನ್ ಮಾಡಿದ್ರೆ ಕಂಪನಿ ಹೆಸರು ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ಅದಕ್ಕಿಂತ ಮುಂದಕ್ಕೆ ಹೋಗಲ್ಲ. ರಾಬರ್ಟ್‌ಸನ್‌ಪೇಟೆಯಲ್ಲೋ, ಬಂಗಾರಪೇಟೆ ಬಸ್ ಸ್ಟ್ಯಾಂಡ್ ಹತ್ತಿರಾನೋ ಯಾವುದಾದ್ರೂ ಅಂಗಡಿಗೆ ತಗೊಂಡು ಹೋದ್ರೆ ಸಿಗೋ ಉತ್ತರ ಒಂದೇ: ‘ಸಾಫ್ಟ್‌ವೇರ್ ಹೋಗಿದೆ ಅಣ್ಣಾ, ಹಾಕ್ಬೇಕು. ಸಂಜೆ ಬನ್ನಿ.’ ಸಂಜೆ ಹೋದ್ರೆ ಮೊಬೈಲ್ ಹೊಸದರ ತರ ಆನ್ ಆಗಿರುತ್ತೆ. ಆದ್ರೆ ಒಳಗೆ ಒಂದು ಫೋಟೊ ಇರಲ್ಲ, ಒಂದು ನಂಬರ್ ಇರಲ್ಲ.

ಅಲ್ಲಿಂದ ಜಗಳ ಶುರು. ‘ನಾನೇನು ಅಳಿಸೋಕೆ ಹೇಳಿದ್ನಾ?’ ಅಂತ ಗಿರಾಕಿ, ‘ಸಾಫ್ಟ್‌ವೇರ್ ಹಾಕಿದ್ರೆ ಹೋಗೇ ಹೋಗುತ್ತೆ, ಗೊತ್ತಿಲ್ವಾ?’ ಅಂತ ಅಂಗಡಿಯವರು. ಇಬ್ಬರೂ ಹೇಳೋದು ಅವರವರ ಮಟ್ಟಿಗೆ ಸರಿ. ಬೆಳಗ್ಗೆ ಮೊಬೈಲ್ ಕೈ ಬದಲಾಗುವಾಗ ಎರಡು ನಿಮಿಷ ಮಾತಾಡಿದ್ರೆ ಮುಗಿಯೋ ವಿಷಯ ಇದು.

ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ. ಕೋರಮಂಡಲ್, ಚಾಂಪಿಯನ್ ರೀಫ್, ಮಾರಿಕುಪ್ಪಂ ಲೈನ್ ಮನೆಗಳಲ್ಲಿ ಮಗ ಬೆಂಗಳೂರಿಗೆ ರೈಲಲ್ಲಿ ಓಡಾಡಿ ದುಡಿದು ಹೊಸ ಮೊಬೈಲ್ ತಗೋತಾನೆ, ಹಳೇದು ಅಪ್ಪನ ಕೈಗೆ ಬರುತ್ತೆ. 2001ರ ಫೆಬ್ರವರಿ 28ಕ್ಕೆ ಬಿಜಿಎಂಎಲ್ ಗಣಿ ಮುಚ್ಚಿತು. ಆ ಕಾಲದ ಸರ್ವಿಸ್ ಪೇಪರ್, ಕ್ವಾರ್ಟರ್ಸ್ ಕಾಗದ ಇವೆಲ್ಲದರ ಫೋಟೊ ಎಷ್ಟೋ ಮನೆಗಳಲ್ಲಿ ಇರೋದು ಆ ಹಳೇ ಮೊಬೈಲಲ್ಲೇ. ಮೂಲ ಕಾಗದ ಗೆದ್ದಲು ತಿಂದಿರುತ್ತೆ, ಇಲ್ಲಾ ಯಾರೋ ಲಾಯರ್ ಹತ್ತಿರ ಇರುತ್ತೆ. ಗೃಹಲಕ್ಷ್ಮಿ ದುಡ್ಡಿನ ಮೆಸೇಜ್, ಬ್ಯಾಂಕ್ ಓಟಿಪಿ ಬರೋದೂ ಅದೇ ಸೆಟ್‌ಗೆ. ಸೆಕೆಂಡ್ ಹ್ಯಾಂಡ್‌ಗೆ ಮಾರಿದ್ರೆ ಸಾವಿರ ರೂಪಾಯಿ ಹುಟ್ಟದ ಸೆಟ್ ಇರಬಹುದು, ಒಳಗೆ ಇರೋದಕ್ಕೆ ಬೆಲೆ ಕಟ್ಟೋಕಾಗಲ್ಲ.

ಹೋಗಿರೋದು ಏನು?

ಮೊಬೈಲ್ ಆನ್ ಆಗೋದು ಬೆಳಗ್ಗೆ ಅಂಗಡಿ ತೆಗೆದ ಹಾಗೆ. ಮೊದಲು ಹೊರಗಿನ ಬೀಗ, ಆಮೇಲೆ ಶಟರ್, ಆಮೇಲೆ ಲೈಟು, ಕೊನೆಗೆ ಗಲ್ಲಾ. ಮೊಬೈಲಲ್ಲೂ ಚಿಪ್ ಒಳಗೆ ಅಳಿಸೋಕಾಗದ ಒಂದು ಚಿಕ್ಕ ಪ್ರೋಗ್ರಾಂ ಮೊದಲು ಎದ್ದೇಳುತ್ತೆ. ಅದು ಬೂಟ್‌ಲೋಡರ್ ಅನ್ನೋದನ್ನ ಎಬ್ಬಿಸುತ್ತೆ, ಬೂಟ್‌ಲೋಡರ್ ಕರ್ನಲ್ ಅನ್ನೋದನ್ನ, ಕರ್ನಲ್ ಆಂಡ್ರಾಯ್ಡನ್ನ. ಇವಿಷ್ಟೂ ಸೇರಿ ಫರ್ಮ್‌ವೇರ್. ನಾವು ಬಾಯಲ್ಲಿ ‘ಸಾಫ್ಟ್‌ವೇರ್’ ಅನ್ನೋದು ಇದನ್ನೇ. ಮಧ್ಯದಲ್ಲಿ ಯಾವುದಾದ್ರೂ ಒಂದು ಕೆಟ್ಟಿದ್ರೆ ಮೊಬೈಲ್ ಲೋಗೋ ಹತ್ತಿರ ನಿಂತುಬಿಡುತ್ತೆ.

ಇದೆಲ್ಲ ಇರೋದು ಮೊಬೈಲಿನ ಮೆಮೊರಿ ಚಿಪ್ಪಲ್ಲಿ, ಬೇರೆ ಬೇರೆ ಖಾನೆ ಮಾಡಿ. ಒಂದು ಖಾನೆಯಲ್ಲಿ ಆಂಡ್ರಾಯ್ಡ್, ಒಂದರಲ್ಲಿ ನೆಟ್‌ವರ್ಕ್ ಹಿಡಿಯೋ ಮೋಡೆಮ್ ಸಾಫ್ಟ್‌ವೇರ್, ಇನ್ನೊಂದರಲ್ಲಿ ನಿಮ್ಮ ಫೋಟೊ, ವಾಟ್ಸಾಪ್, ಕಾಂಟ್ಯಾಕ್ಟ್. ಒಂದು ಚಿಕ್ಕ ಖಾನೆಯಲ್ಲಿ ಐಎಂಇಐ ನಂಬರ್ ಮತ್ತೆ ನೆಟ್‌ವರ್ಕ್ ಸೆಟ್ಟಿಂಗ್. ಫ್ಲ್ಯಾಶ್ ಹೊಡೆಯೋದು ಅಂದ್ರೆ ಕಂಪ್ಯೂಟರಿಗೆ ಕೇಬಲ್ ಹಾಕಿ ಈ ಖಾನೆಗಳಿಗೆ ಕಂಪನಿಯ ಫೈಲನ್ನ ಹೊಸದಾಗಿ ಬರೆಯೋದು. ಯಾವ ಖಾನೆ ಬರೀತಾರೆ, ಯಾವುದನ್ನ ಮುಟ್ಟಲ್ಲ ಅನ್ನೋದರ ಮೇಲೆ ನಿಮ್ಮ ಫೋಟೊ ಉಳಿಯುತ್ತೋ ಹೋಗುತ್ತೋ ನಿರ್ಧಾರ ಆಗುತ್ತೆ.

ಫರ್ಮ್‌ವೇರ್ ಕೆಡೋಕೆ ಕಾರಣ ಹಲವು. ಅಪ್‌ಡೇಟ್ ಆಗ್ತಿರುವಾಗ ಬ್ಯಾಟರಿ ಖಾಲಿ ಆಗೋದು, ಮೆಮೊರಿ ತುಂಬಿ ಒಂದು ಚೂರೂ ಜಾಗ ಇಲ್ಲದಿರೋದು, ಸಿಕ್ಕ ಸಿಕ್ಕ ಲಿಂಕ್ ಒತ್ತಿ ಎಪಿಕೆ ಫೈಲ್ ಹಾಕಿಕೊಳ್ಳೋದು.

ಎಲ್ಲದಕ್ಕೂ ಸಾಫ್ಟ್‌ವೇರೇ ಕಾರಣ ಅಲ್ಲ

ಲೋಗೋದಲ್ಲಿ ನಿಂತ ಮೊಬೈಲಿಗೆಲ್ಲ ಸಾಫ್ಟ್‌ವೇರ್ ಬೇಕಾಗಿಲ್ಲ. ಪವರ್ ಬಟನ್ ಒಳಗೆ ಅಂಟಿಕೊಂಡಿದ್ರೂ ಮೊಬೈಲ್ ತಾನೇ ಆನ್ ಆಗಿ ಆಫ್ ಆಗುತ್ತೆ. ವಾಲ್ಯೂಮ್ ಬಟನ್ ಸಿಕ್ಕಿಹಾಕಿಕೊಂಡಿದ್ರೆ ಬೇಡದ ಮೋಡ್‌ಗೆ ಹೋಗಿ ನಿಲ್ಲುತ್ತೆ. ಗಾಳಿ ಕಾಲದಲ್ಲಿ ಸೈನೈಡ್ ಗುಡ್ಡದ ಧೂಳು ಮನೆಯೊಳಗೆ ಪಾತ್ರೆ ಮೇಲೆ ಕೂರೋದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಅದೇ ಧೂಳು ಬಟನ್ ಸಂದಿಗೂ ಚಾರ್ಜಿಂಗ್ ತೂತಿಗೂ ಹೋಗುತ್ತೆ. ಬ್ಯಾಟರಿ ಉಬ್ಬಿ ಶಕ್ತಿ ಕಳ್ಕೊಂಡಿದ್ರೆ ಆಂಡ್ರಾಯ್ಡ್ ಏಳೋ ಹೊತ್ತಿಗೆ ಕರೆಂಟ್ ಸಾಲದೆ ಮೊಬೈಲ್ ಬಿದ್ದುಹೋಗುತ್ತೆ. ಇದನ್ನೆಲ್ಲ ನೋಡದೆ ನೇರ ಫ್ಲ್ಯಾಶ್ ಹೊಡೆದ್ರೆ ಡೇಟಾನೂ ಹೋಯ್ತು, ದುಡ್ಡೂ ಹೋಯ್ತು, ರೋಗ ಮಾತ್ರ ಅಲ್ಲೇ.

ಇನ್ನೊಂದು ರೋಗ ಹಳೇ ಸೆಟ್‌ಗಳಲ್ಲಿ ಜಾಸ್ತಿ: ಮೆಮೊರಿ ಚಿಪ್ಪೇ ಸವೆದುಹೋಗಿರೋದು. ಆ ಚಿಪ್ಪಿಗೆ ಇಷ್ಟು ಸಲ ಬರೀಬಹುದು ಅಂತ ಒಂದು ಆಯಸ್ಸು ಇದೆ. ಮುಗಿದ ಮೇಲೆ ಕೆಲವು ಚಿಪ್ಪು ಓದೋಕೆ ಮಾತ್ರ ಬಿಡುತ್ತೆ, ಬರೆಯೋಕೆ ಬಿಡಲ್ಲ. ಗುರುತು ಹಿಡಿಯೋದು ಸುಲಭ. ಒಂದಷ್ಟು ಫೋಟೊ ಅಳಿಸಿ, ಆಫ್ ಮಾಡಿ ಆನ್ ಮಾಡಿದ್ರೆ ಅಳಿಸಿದ ಫೋಟೊ ವಾಪಸ್ ಬಂದಿರುತ್ತೆ! ಕೆಲವರು ಇದನ್ನ ವೈರಸ್ ಅಂದ್ಕೋತಾರೆ. ಇಂಥ ಮೊಬೈಲಿಗೆ ನಾಲ್ಕು ಸಲ ಫ್ಲ್ಯಾಶ್ ಹೊಡೆದ್ರೂ ಪ್ರಯೋಜನ ಇಲ್ಲ. ಚಿಪ್ ಬದಲಾಯಿಸಬೇಕು, ಆ ಖರ್ಚಿಗೆ ಇನ್ನೊಂದು ಹಳೇ ಸೆಟ್ ಬರುತ್ತೆ. ಅಂಗಡಿಯವರು ‘ಇದು ಆಗಲ್ಲಣ್ಣ’ ಅಂದ್ರೆ ಅವರಿಗೆ ಕೆಲಸ ಬರಲ್ಲ ಅಂತ ಅಲ್ಲ. ಆಗಲ್ಲ ಅಂತ ಬಾಯಿಬಿಟ್ಟು ಹೇಳೋ ಮೆಕ್ಯಾನಿಕ್ಕೇ ನನ್ನ ಪ್ರಕಾರ ವಾಸಿ.

ಫ್ಲ್ಯಾಶ್‌ಗಿಂತ ಮುಂಚೆ ನೀವೇ ಮನೇಲಿ ನೋಡಬಹುದಾದ್ದು ಇದೆ. ಪೂರ್ತಿ ಚಾರ್ಜ್ ಮಾಡಿ, ಸಿಮ್ಮೂ ಮೆಮೊರಿ ಕಾರ್ಡೂ ತೆಗೆದು ಆನ್ ಮಾಡಿ. ಕೆಟ್ಟ ಮೆಮೊರಿ ಕಾರ್ಡಿಂದಾನೂ ಮೊಬೈಲ್ ನಿಂತುಹೋಗುತ್ತೆ. ಆಗದಿದ್ರೆ ಆಫ್ ಮಾಡಿ ಪವರ್ ಮತ್ತೆ ವಾಲ್ಯೂಮ್ ಮೇಲಿನ ಬಟನ್ ಒಟ್ಟಿಗೆ ಒತ್ತಿ ಹಿಡಿದ್ರೆ ಸುಮಾರು ಸೆಟ್‌ಗಳಲ್ಲಿ ರಿಕವರಿ ಅನ್ನೋ ಪಟ್ಟಿ ಬರುತ್ತೆ (ಹಳೇ ಸ್ಯಾಮ್‌ಸಂಗ್ ಆದ್ರೆ ಹೋಮ್ ಬಟನ್ ಕೂಡ ಸೇರಿಸಿ). ಅದರಲ್ಲಿ ‘ವೈಪ್ ಕ್ಯಾಶ್ ಪಾರ್ಟಿಷನ್’ ಅಂತ ಇದ್ರೆ ಅದನ್ನ ಮಾಡಿ ನೋಡಿ, ಡೇಟಾ ಹೋಗಲ್ಲ. ಅದರ ಪಕ್ಕದಲ್ಲೇ ‘ವೈಪ್ ಡೇಟಾ, ಫ್ಯಾಕ್ಟರಿ ರೀಸೆಟ್’ ಅಂತ ಇರುತ್ತೆ. ಅದನ್ನ ಒತ್ತಿದ್ರೆ ಎಲ್ಲಾ ಹೋಗುತ್ತೆ. ಕ್ಯಾಶ್‌ಗೂ ಡೇಟಾಕ್ಕೂ ಒಂದು ಸಾಲಿನ ಅಂತರ, ನಿಧಾನವಾಗಿ ಓದಿ.

ಅಂಗಡಿಯಲ್ಲಿ ಏನು ನಡೆಯುತ್ತೆ?

ಒಂದೊಂದು ಕಂಪನಿಗೆ ಒಂದೊಂದು ದಾರಿ. ಸ್ಯಾಮ್‌ಸಂಗ್‌ಗೆ ಓಡಿನ್ ಅನ್ನೋ ಪ್ರೋಗ್ರಾಂ ಬಳಸ್ತಾರೆ. ಜೆ2 ತರದ ಹಳೇ ಸೆಟ್ ಆದ್ರೆ ವಾಲ್ಯೂಮ್ ಕೆಳಗಿನದು, ಹೋಮ್, ಪವರ್ ಮೂರೂ ಒತ್ತಿ ಡೌನ್‌ಲೋಡ್ ಮೋಡ್‌ಗೆ ಹಾಕಿ, ಕೇಬಲ್ ಚುಚ್ಚಿ, ಕಂಪನಿ ಫೈಲನ್ನ ಬಿಎಲ್, ಎಪಿ, ಸಿಪಿ, ಸಿಎಸ್‌ಸಿ ಅಂತ ನಾಲ್ಕು ಭಾಗವಾಗಿ ಕೊಡ್ತಾರೆ. ಹಸಿರು ಬಣ್ಣದಲ್ಲಿ ‘ಪಾಸ್’ ಅಂತ ಬಂದ್ರೆ ಕೆಲಸ ಆಯ್ತು. ಗಿರಾಕಿಗಳು ತಿಳ್ಕೋಬೇಕಾದ ಗುಟ್ಟು ಕೊನೇ ಭಾಗದಲ್ಲಿದೆ. ಸುಮಾರು ಫೈಲ್‌ಗಳ ಜೊತೆ ‘ಸಿಎಸ್‌ಸಿ’ ಮತ್ತೆ ‘ಹೋಮ್ ಸಿಎಸ್‌ಸಿ’ ಅಂತ ಎರಡು ಬರುತ್ತೆ. ಬರೀ ಸಿಎಸ್‌ಸಿ ಹಾಕಿದ್ರೆ ಎಲ್ಲಾ ಅಳಿಸಿಹೋಗುತ್ತೆ. ಹೋಮ್ ಸಿಎಸ್‌ಸಿ ಹಾಕಿದ್ರೆ ನಿಮ್ಮ ಡೇಟಾ ಖಾನೆಯನ್ನ ಮುಟ್ಟಲ್ಲ. ಡೇಟಾ ಖಾನೆಯೇ ಕೆಟ್ಟಿದ್ರೆ ಇದರಿಂದ ಸರಿ ಹೋಗಲ್ಲ ನಿಜ. ಆದ್ರೆ ಮೊದಲು ಇದನ್ನ ಹಾಕಿ ನೋಡೋಕೆ ಏನು ಕಷ್ಟ? ಹದಿನೈದು ನಿಮಿಷ ಜಾಸ್ತಿ ಆಗಬಹುದು, ಅಷ್ಟೇ. ‘ಅಣ್ಣಾ, ಮೊದಲು ಹೋಮ್ ಸಿಎಸ್‌ಸಿ ಹಾಕಿ ನೋಡಿ’ ಅಂತ ಕೇಳಿ. ಗೊತ್ತಿರೋರು ನಿಮ್ಮ ಮುಖ ನೋಡಿ ನಕ್ಕು ಹಾಕಿಕೊಡ್ತಾರೆ.

ಶಿಯೋಮಿ, ರೆಡ್‌ಮಿಗೆ ಮಿ ಫ್ಲ್ಯಾಶ್ ಅನ್ನೋದು. ವಾಲ್ಯೂಮ್ ಕೆಳಗಿನದು ಮತ್ತೆ ಪವರ್ ಒತ್ತಿದ್ರೆ ಫಾಸ್ಟ್‌ಬೂಟ್ ಅಂತ ಬರುತ್ತೆ, ಹಳೇ ಸೆಟ್ ಆದ್ರೆ ಮೊಲದ ಚಿತ್ರದ ಜೊತೆ. ಇಲ್ಲೂ ಕೆಳಗೆ ಆಯ್ಕೆ ಇದೆ: ಎಲ್ಲಾ ಅಳಿಸು, ಡೇಟಾ ಉಳಿಸು, ಎಲ್ಲಾ ಅಳಿಸಿ ಲಾಕ್ ಮಾಡು. ಆದ್ರೆ ಬೂಟ್‌ಲೋಡರ್ ಅನ್‌ಲಾಕ್ ಆಗಿರಬೇಕು, ಅದಕ್ಕೆ ಮಿ ಅಕೌಂಟ್ ಬೇಕು, ದಿನಗಟ್ಟಲೆ ಕಾಯಬೇಕು, ಅನ್‌ಲಾಕ್ ಮಾಡಿದ್ರೂ ಡೇಟಾ ಹೋಗುತ್ತೆ. ಚೀನಾ ಮಾಡೆಲ್ ಸೆಟ್‌ಗೆ ಬೇರೆ ದೇಶದ ಫೈಲ್ ಹಾಕಿ ಲಾಕ್ ಮಾಡಿಬಿಟ್ರೆ ಸೆಟ್ ಇಟ್ಟಿಗೆ ಆಗುತ್ತೆ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೋರು ಇದನ್ನ ನೆನಪಿಟ್ಕೊಳ್ಳಿ.

ಫೈಲ್ ಸರಿಯಾದ ಮಾಡೆಲಿಂದೇ ಆಗಿರಬೇಕು. ಡಬ್ಬದ ಮೇಲೆ ‘ಜೆ2’ ಅಂತ ಇದ್ರೆ ಸಾಲದು, ಬ್ಯಾಟರಿ ಕೆಳಗೆ ಇರೋ ಎಸ್‌ಎಂ-ಜೆ200ಜಿ ತರದ ಪೂರ್ತಿ ನಂಬರ್ ಬೇಕು. ಒಂದು ಅಕ್ಷರ ತಪ್ಪಿದ್ರೆ ಬೇರೆ ಬೋರ್ಡು, ಬೇರೆ ಮೋಡೆಮ್. ಇನ್ನೊಂದು, ಹಳೇ ಫೈಲ್‌ಗೆ ವಾಪಸ್ ಹೋಗೋಕೆ ಈಗ ಕಂಪನಿಗಳು ಬಿಡಲ್ಲ. ‘ಮುಂಚೆ ಇದ್ದ ಆಂಡ್ರಾಯ್ಡೇ ಚೆನ್ನಾಗಿತ್ತು, ಅದನ್ನೇ ಹಾಕಿ’ ಅಂತ ಕೇಳೋರು ಜಾಸ್ತಿ. ಬೂಟ್‌ಲೋಡರ್ ನಂಬರ್ ಒಂದ್ಸಲ ಮೇಲೆ ಹೋದ್ರೆ ಕೆಳಗಿನದನ್ನ ಹಾಕೋಕೆ ಸೆಟ್ ಒಪ್ಪಲ್ಲ. 2018ರಲ್ಲಿ ರೆಡ್‌ಮಿ ನೋಟ್ 5 ಪ್ರೊಗೆ ಹಳೇ ಫೈಲ್ ಹಾಕೋಕೆ ಹೋಗಿ ಸೆಟ್ ಸತ್ತುಹೋದ ಉದಾಹರಣೆಗಳಿವೆ.

ಫ್ಲ್ಯಾಶ್ ಅರ್ಧಕ್ಕೆ ನಿಲ್ಲೋದು ಇನ್ನೊಂದು ತಲೆನೋವು. ಲೂಸ್ ಕೇಬಲ್, ಇಲ್ಲಾ ಕರೆಂಟ್ ಹೋಗೋದು. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ತರಿಸಿಕೊಂಡ ಊರು ನಮ್ಮದು, ಆದ್ರೂ ಅಂಗಡಿಯಲ್ಲಿ ಯುಪಿಎಸ್ ಇಲ್ಲಾ ಲ್ಯಾಪ್‌ಟಾಪ್ ಇದೆಯಾ ಅಂತ ನೋಡಿಯೇ ಮೊಬೈಲ್ ಕೊಡೋದು ಒಳ್ಳೇದು. ಅರ್ಧಕ್ಕೆ ನಿಂತರೂ ಗಾಬರಿ ಬೇಡ. ಆ ಅಳಿಸೋಕಾಗದ ಮೊದಲ ಪ್ರೋಗ್ರಾಂ ಚಿಪ್ ಒಳಗೇ ಇರೋದರಿಂದ ಸುಮಾರು ಸಲ ಮತ್ತೆ ಕೇಬಲ್ ಹಾಕಿ ಮೊದಲಿಂದ ಹೊಡೆಯಬಹುದು.

ಐಎಂಇಐ ಹೋದ್ರೆ ಕಥೆ ಬೇರೆ

ಮೈಕ್ರೋಮ್ಯಾಕ್ಸ್, ಲಾವಾ, ಕಾರ್ಬನ್, ಇಂಟೆಕ್ಸ್ ತರದ ಹಳೇ ಸೆಟ್ ಇರೋರು ಇದನ್ನ ಗಮನ ಕೊಟ್ಟು ಓದಿ. ಇದರಲ್ಲಿ ಬಹಳಷ್ಟಕ್ಕೆ ಮೀಡಿಯಾಟೆಕ್ ಚಿಪ್. ಅದಕ್ಕೆ ಬಳಸೋದು ಎಸ್‌ಪಿ ಫ್ಲ್ಯಾಶ್ ಟೂಲ್. ಅದರಲ್ಲಿ ‘ಡೌನ್‌ಲೋಡ್ ಓನ್ಲಿ’ ಅಂತ ಒಂದು, ‘ಫಾರ್ಮ್ಯಾಟ್ ಆಲ್ ಪ್ಲಸ್ ಡೌನ್‌ಲೋಡ್’ ಅಂತ ಇನ್ನೊಂದು. ಮೊದಲನೇದು ಬೇಕಾದ ಖಾನೆ ಮಾತ್ರ ಬರೆಯುತ್ತೆ. ಎರಡನೇದು ಇಡೀ ಚಿಪ್ ಒರೆಸಿ ಬರೆಯುತ್ತೆ, ಐಎಂಇಐ ಇರೋ ಆ ಚಿಕ್ಕ ಖಾನೆನೂ ಸೇರಿ. ಆಮೇಲೆ ಮೊಬೈಲ್ ಚೆನ್ನಾಗೇ ಆನ್ ಆಗುತ್ತೆ, ಆದ್ರೆ ಸಿಮ್ ಹಾಕಿದ್ರೆ ನೆಟ್‌ವರ್ಕ್ ಇಲ್ಲ, ‘ಇನ್‌ವ್ಯಾಲಿಡ್ ಐಎಂಇಐ’ ಅಂತ ಬರುತ್ತೆ. ವೈಫೈ ಪಟ್ಟಿಯಲ್ಲಿ ‘ಎನ್‌ವಿರ್ಯಾಮ್ ವಾರ್ನಿಂಗ್’ ಅಂತ ಯಾವುದೋ ಹೆಸರು ಕಾಣುತ್ತೆ. ಅದು ಪಕ್ಕದ ಮನೆ ವೈಫೈ ಅಲ್ಲ, ನಿಮ್ಮ ಸೆಟ್ಟೇ ಹೇಳ್ತಿರೋದು.

ಗೊತ್ತಿರೋ ಮೆಕ್ಯಾನಿಕ್ ಮೊದಲು ಆ ಖಾನೆಯ ಕಾಪಿ ತೆಗೆದಿಟ್ಕೊಂಡು ಆಮೇಲೆ ಕೆಲಸ ಶುರು ಮಾಡ್ತಾರೆ. ಕಾಪಿ ಇಲ್ಲದೆ ಐಎಂಇಐ ಹೋದ್ರೆ ಕೆಲವರು ‘ಯಾವುದಾದ್ರೂ ನಂಬರ್ ಹಾಕಿಕೊಡ್ತೀನಿ’ ಅಂತಾರೆ. ದಯವಿಟ್ಟು ಬೇಡ ಅನ್ನಿ. ಐಎಂಇಐ ಬದಲಾಯಿಸೋದನ್ನ ಕೇಂದ್ರ ಸರ್ಕಾರ 2017ರಲ್ಲೇ ನಿಯಮ ತಂದು ನಿಷೇಧಿಸಿದೆ. 2023ರ ದೂರಸಂಪರ್ಕ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಇಂಥ ಗುರುತಿನ ನಂಬರ್ ತಿದ್ದಿದ್ರೆ 3 ವರ್ಷದವರೆಗೆ ಜೈಲು, ಇಲ್ಲಾ 50 ಲಕ್ಷ ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಬೇರೆಯವರ ಸೆಟ್ ನಂಬರ್ ನಿಮ್ಮ ಸೆಟ್‌ಗೆ ಕೂತು, ಆ ಸೆಟ್ ಯಾವುದಾದ್ರೂ ಕೇಸಲ್ಲಿದ್ರೆ ಪೊಲೀಸರು ಬರೋದು ನಿಮ್ಮ ಮನೆಗೆ. ಐಎಂಇಐ ಹೋಗಿದ್ರೆ ಬಿಲ್ಲು, ಡಬ್ಬ ತಗೊಂಡು ಕಂಪನಿ ಸರ್ವಿಸ್ ಸೆಂಟರಿಗೆ ಹೋಗೋದೇ ದಾರಿ.

ಅದಕ್ಕೇ ಸೆಟ್ ಚೆನ್ನಾಗಿರುವಾಗಲೇ *#06# ಒತ್ತಿ ಬರೋ 15 ಅಂಕಿ ನಂಬರನ್ನ ರೇಷನ್ ಕಾರ್ಡ್ ಇಡೋ ಜಾಗದಲ್ಲೇ ಒಂದು ಚೀಟಿಯಲ್ಲಿ ಬರೆದಿಡಿ. ಎರಡು ಸಿಮ್ ಸೆಟ್ ಆದ್ರೆ ಎರಡು ನಂಬರ್ ಬರುತ್ತೆ. ಅಂಗಡಿಯಿಂದ ವಾಪಸ್ ತಗೊಳ್ಳುವಾಗ ಮತ್ತೆ ಒತ್ತಿ, ಚೀಟಿ ಜೊತೆ ತಾಳೆ ನೋಡಿ.

ಅಂಗಡಿಯವರಿಗೂ ಒಂದು ಮಾತು. ‘ಲಾಕ್ ಮರ್ತೋಗಿದೆ, ಸಾಫ್ಟ್‌ವೇರ್ ಹಾಕಿ’ ಅಂತ ಗುರುತಿಲ್ಲದೋರು ಸೆಟ್ ತಂದ್ರೆ ಬಿಲ್ಲು ಕೇಳಿ. ಫ್ಲ್ಯಾಶ್ ಹೊಡೆದ್ರೆ ಐಎಂಇಐ ಬದಲಾಗಲ್ಲ, ಕದ್ದ ಸೆಟ್ ಕದ್ದ ಸೆಟ್ಟೇ. ಕಳ್ಕೊಂಡೋರು ಸಂಚಾರ್ ಸಾಥಿಯ ಸಿಇಐಆರ್‌ನಲ್ಲಿ ಬ್ಲಾಕ್ ಮಾಡಿಸಿದ್ರೆ, ಹೊಸ ಸಿಮ್ ಹಾಕಿದ ತಕ್ಷಣ ಪೊಲೀಸರಿಗೆ ಸುಳಿವು ಸಿಗುತ್ತೆ. ಸಂಶಯ ಇದ್ರೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಕೆವೈಎಂ ಅಂತ ಹಾಕಿ, ಒಂದು ಜಾಗ ಬಿಟ್ಟು ಐಎಂಇಐ ಬರೆದು 14422ಕ್ಕೆ ಮೆಸೇಜ್ ಕಳಿಸಿದ್ರೆ ಆ ಸೆಟ್ ವಿವರ ಬರುತ್ತೆ. ಹಳೇ ಸೆಟ್ ಕೊಂಡು ಮಾರೋರಿಗೆ ಇದು ದಿನಾ ಮಾಡಬೇಕಾದ ಕೆಲಸ.

ಕೊಡೋ ಮುಂಚೆ, ತಗೊಂಡ ಮೇಲೆ

ಜಿಮೇಲ್ ಐಡಿ, ಪಾಸ್‌ವರ್ಡ್ ಗೊತ್ತಿಲ್ಲದೆ ಸಾಫ್ಟ್‌ವೇರ್ ಹಾಕಿಸಬೇಡಿ. ಆಂಡ್ರಾಯ್ಡ್ 5.1ರಿಂದ ಈಚೆಗೆ, ಅಳಿಸಿ ಆನ್ ಮಾಡಿದ ಸೆಟ್ ಮೊದಲು ಇದ್ದ ಗೂಗಲ್ ಅಕೌಂಟನ್ನೇ ಕೇಳುತ್ತೆ. ಅದು ಕಳ್ಳತನ ತಡೆಯೋಕೆ ಇಟ್ಟಿರೋ ಬೀಗ. ನಮ್ಮ ಮನೆಗಳಲ್ಲಿ ಆ ಐಡಿ ಮಾಡಿಕೊಟ್ಟಿರೋದು ಮೊಬೈಲ್ ಮಾರಿದ ಅಂಗಡಿ ಹುಡುಗ, ಅವನಿಗೂ ನೆನಪಿಲ್ಲ, ಅಪ್ಪನಿಗೂ ಗೊತ್ತಿಲ್ಲ. ಮೊಬೈಲ್ ನಡೀತಿರುವಾಗಲೇ ಸೆಟ್ಟಿಂಗ್ಸ್‌ಗೆ ಹೋಗಿ ಐಡಿ ಯಾವುದು ನೋಡಿ, ಬರೆದಿಟ್ಟು, ನಿಮ್ಮ ನಂಬರನ್ನೇ ರಿಕವರಿ ನಂಬರ್ ಮಾಡಿಸಿ.

ಕೊಡುವಾಗ ಸಿಮ್, ಮೆಮೊರಿ ಕಾರ್ಡ್ ತೆಗೆದಿಟ್ಕೊಳ್ಳಿ. ಸಿಮ್ಮನ್ನ ಮನೇಲಿರೋ ಇನ್ನೊಂದು ಸೆಟ್‌ಗೆ ಹಾಕಿದ್ರೆ ಓಟಿಪಿ, ಪಿಂಚಣಿ ಮೆಸೇಜ್ ನಿಲ್ಲಲ್ಲ. ಪ್ಯಾಟರ್ನ್ ಲಾಕ್ ಚೀಟಿಯಲ್ಲಿ ಬರೆದು ಕೊಟ್ಟು ಬರೋ ಅಭ್ಯಾಸ ಬಿಡಿ, ಅದರಲ್ಲೂ ಹೆಣ್ಮಕ್ಕಳ ಮೊಬೈಲ್ ಆದ್ರೆ. ಫ್ಲ್ಯಾಶ್ ಹೊಡೆಯೋಕೆ ಪ್ಯಾಟರ್ನ್ ಬೇಕಾಗಿಲ್ಲ. ಡೇಟಾ ತೆಗೆಯೋಕೆ ಬೇಕು ಅಂದ್ರೆ ಮುಂದೆ ನಿಂತು ನೀವೇ ಹಾಕಿಕೊಡಿ. ಅಳಿಸಿದ ಮೇಲೆ ‘ಸಾಫ್ಟ್‌ವೇರ್ ಹಾಕಿ ಫೋಟೊ ವಾಪಸ್ ತರ್ತೀನಿ’ ಅನ್ನೋರನ್ನ ನಂಬಬೇಡಿ. ಈಚಿನ ಆಂಡ್ರಾಯ್ಡ್‌ಗಳಲ್ಲಿ ಡೇಟಾ ಗೂಢಲಿಪಿಯಲ್ಲಿರುತ್ತೆ, ಅಳಿಸಿದ ಕೂಡಲೇ ಅದರ ಕೀಲಿನೂ ಹೋಗುತ್ತೆ. ರೇಟು, ಡೇಟಾ ಉಳಿಯುತ್ತೋ ಇಲ್ವೋ, ಆಗದಿದ್ರೆ ದುಡ್ಡು ಕೊಡಬೇಕೋ ಬೇಡ್ವೋ, ಮೂರನ್ನೂ ಮೊದಲೇ ಕೇಳಿ ಒಂದು ರಸೀದಿ ಮೇಲೆ ಬರೆಸಿಕೊಳ್ಳಿ. ರಸೀದಿ ಇದ್ರೆ 1915ಕ್ಕೆ, ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ಮಾತಾಡೋಕೆ ಒಂದು ಆಧಾರ ಇರುತ್ತೆ.

ಸಾಫ್ಟ್‌ವೇರ್ ಹಾಕಿದ ಮಾತ್ರಕ್ಕೆ ಹಳೇ ಸೆಟ್ ಹೊಸದಾಗಲ್ಲ. ಆಂಡ್ರಾಯ್ಡ್ 5ಕ್ಕಿಂತ ಹಳೇ ಸೆಟ್‌ಗಳಿಗೆ ವಾಟ್ಸಾಪ್ 2023ರ ಅಕ್ಟೋಬರ್‌ನಲ್ಲೇ ನಿಂತಿದೆ, ಫ್ಲ್ಯಾಶ್ ಹೊಡೆದು ಪ್ರಯೋಜನ ಇಲ್ಲ. ಹುಡುಗರು ಕಂಪನಿ ಬಿಟ್ಟು ಬೇರೆಯವರು ಮಾಡಿದ ಕಸ್ಟಮ್ ರಾಮ್ ಹಾಕ್ತಾರೆ, ಹೊಸ ಆಂಡ್ರಾಯ್ಡ್ ಬರುತ್ತೆ ನಿಜ, ಆದ್ರೆ ಬ್ಯಾಂಕ್ ಆ್ಯಪ್‌ಗಳು ಓಡದೆ ಇರಬಹುದು. ನರಸಾಪುರದಲ್ಲಿ ಐಫೋನ್ ತಯಾರಾಗ್ತಿರೋ ಜಿಲ್ಲೆ ನಮ್ಮದು, ಅಲ್ಲೇ ಕೆಲಸ ಮಾಡೋ ಎಷ್ಟೋ ಮನೆಗಳಲ್ಲಿ ಇನ್ನೂ ಓಡ್ತಿರೋದು ಇಂಥ ಸೆಟ್‌ಗಳೇ.

ಅಂಗಡಿ ಇಟ್ಟಿರೋರಿಗೆ ಯುಪಿಐ ಚಿಂತೆ. ಗೋಡೆಗೆ ಅಂಟಿಸಿರೋ ಕ್ಯೂಆರ್‌ಗೆ ಬರೋ ದುಡ್ಡು ನೇರ ಬ್ಯಾಂಕಿಗೆ ಹೋಗುತ್ತೆ, ಮೊಬೈಲ್ ರಿಪೇರಿಲಿದ್ರೂ ಅದು ನಿಲ್ಲಲ್ಲ. ಆದ್ರೆ ದುಡ್ಡು ಬಂದಿದೆಯಾ ಅಂತ ನೋಡೋಕೆ, ಹೋಲ್‌ಸೇಲ್‌ನವರಿಗೆ ಕಳಿಸೋಕೆ ಆ್ಯಪ್ ಬೇಕಲ್ಲ. ಅಳಿಸಿದ ಮೇಲೆ ಆ್ಯಪ್ ಹೊಸದಾಗಿ ನೋಂದಾಯಿಸುವಾಗ ಬ್ಯಾಂಕಿಗೆ ಕೊಟ್ಟ ಸಿಮ್ ಅದೇ ಸೆಟ್ಟಲ್ಲಿರಬೇಕು, ಅದರಿಂದ ಮೆಸೇಜ್ ಹೋಗೋಕೆ ರೀಚಾರ್ಜ್ ಇರಬೇಕು. ಮೊದಲ 24 ಗಂಟೆ ಕಳಿಸೋ ಮೊತ್ತಕ್ಕೆ ಮಿತಿ ಇರುತ್ತೆ. ಹಾಗಾಗಿ ಸರಕಿನ ದುಡ್ಡು ಕೊಡಬೇಕಾದ ಹಿಂದಿನ ದಿನ ಸಾಫ್ಟ್‌ವೇರ್ ಹಾಕಿಸೋಕೆ ಕೊಡಬೇಡಿ.

ವಾಟ್ಸಾಪ್ ವಿಷಯದಲ್ಲಿ ಅವಸರ ಮಾಡಬೇಡಿ. ಮುಂಚೆ ಗೂಗಲ್ ಡ್ರೈವ್‌ಗೆ ಬ್ಯಾಕಪ್ ಆಗಿದ್ರೆ, ಅದೇ ನಂಬರ್, ಅದೇ ಜಿಮೇಲ್ ಹಾಕಿ ಶುರು ಮಾಡುವಾಗ ‘ರೀಸ್ಟೋರ್’ ಅಂತ ಕೇಳುತ್ತೆ. ಅಂಗಡಿಯಲ್ಲಿ ನೆಟ್ ಸ್ಲೋ ಅಂತ ‘ಸ್ಕಿಪ್’ ಒತ್ತಿಬಿಡೋರೇ ಜಾಸ್ತಿ. ಆಮೇಲೆ ಆ್ಯಪ್ ತೆಗೆದು ಮತ್ತೆ ಹಾಕಿದ್ರೆ ಮಾತ್ರ ಇನ್ನೊಂದು ಅವಕಾಶ. ಅದೂ ಹೊಸ ಬ್ಯಾಕಪ್ ಹೋಗಿ ಹಳೇದರ ಮೇಲೆ ಕೂರೋದಕ್ಕೆ ಮುಂಚೆ, ಅಂದ್ರೆ ಅವತ್ತು ರಾತ್ರಿಯೊಳಗೇ. ಅದಕ್ಕೆ ವಾಟ್ಸಾಪನ್ನ ಅಂಗಡಿಯಲ್ಲಿ ಹಾಕಿಸಬೇಡಿ, ಮನೆಗೆ ಹೋಗಿ ವೈಫೈ ಇರೋ ಕಡೆ ಕೂತು ನಿಧಾನಕ್ಕೆ ಹಾಕಿ.